ತಾರೀಖಿನ ಸಮೇತ ಪಟ್ಟಿ

ಹೊಸಪೇಟೆ,
೧೮ ನವೆಂಬರ್ ೨೦೦೭, ಭಾನುವಾರ

ಪ್ರೀತಿಯ ಮಾರುತೇಶ್,

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಒಂದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ. ಹೋದ ವಾರ ಸಂಡೂರು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಅವ್ವ ವಿರುಪಮ್ಮ ಸಿಕ್ಕಿದ್ದರು. "ಬಂಡ್ರಿ ಊರಾಗ ಟ್ರ್ಯಾಕ್ಟರ್ ಹೊಡೀತಾನಪ್ಪಾ. ಕಂಪ್ಯೂಟರ್ ಅಂದ್ರ ಎದ್ದು ಹೋಗಿಬಿಡ್ತಾನ" ಅಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಇಲ್ಲಿಯ ಸುದ್ದಿಯೆಂದರೆ, ಸಂಡೂರಿನ ನಮ್ಮ ಗಣಿ ಕಂಪನಿಯಲ್ಲಿ ಲಾರಿ ತೂಗುವ ವೇಬ್ರಿಡ್ಜಿಗೆ ನೀನು ಕೂಡಿಸಿದ್ದ ಲಿನಕ್ಸ್ ಕಂಪ್ಯೂಟರ್ ಕೆಂಪು ಧೂಳು ತಿಂದು ತಿಂದು ಸುಸ್ತಾಗಿದೆ. ಹೊಸದು ಬಂದಿದೆ. ಮ್ಯಾನೇಜರ್ ಕಮಲಾಕರ ರಾಯರಿಗೆ ಎಂದಿನ ಅವಸರ. "ಪಟ್ಟಿ ಗಿಟ್ಟಿ ಯಾಕ್ರಿ ಸುಮಧ್ವ? ಜಲ್ದಿ ಚಾಲೂ ಮಾಡ್ರಿ, ಲಾರಿ ಲೈನ್ ರೋಡಿನ ತನ್ಕ ನಿಂತೈತಿ" ಎಂದರು. ನಾನು ಕೇಳಲಿಲ್ಲ. "ಹಳೇದರಾಗ ಏನೇನ್ ಹಾಕೀವಿ ಅಂತ ಪಟ್ಟಿ ತೆಗೀಲಾರ್ದ ಮಷಿನ್ ಬದ್ಲಿ ಮಾಡಬ್ಯಾಡಲೇ" ಎಂದು ಕಲಿಸಿದವನು ನೀನು. ಒಂದೊಂದು ಸಾಫ್ಟ್‌ವೇರ್ ಪ್ಯಾಕೇಜೂ ಯಾವತ್ತು ಸೇರಿತೆಂದು ತಾರೀಖಿನ ಸಮೇತ ತೋರಿಸುವ ಕಮಾಂಡೂ ನಿನ್ನದೇ. ಅದನ್ನೇ ಹೊಡೆದೆ.

ಆರುನೂರು ಹೆಸರು ಬಂದವು. ನಡುವೆ, ಹೊರಗೆಲ್ಲೋ ಕುಳಿತವರಿಗೂ ಇಂಟರ್ನೆಟ್ಟಿನ ಮೂಲಕ ನಮ್ಮ ಸ್ಕ್ರೀನ್ ತೆರೆದುಕೊಡುವ ಆ ಪ್ಯಾಕೇಜ್. ಅದರ ಮೂಲಕವೇ ಯಾರೋ ನುಗ್ಗಿ ಲಾರಿಗಳ ತೂಕ ತಿದ್ದಿದ್ದು. ಅದನ್ನು ಹಾಕಿದವನು ನೀನೆಂದೇ ನಿನ್ನನ್ನು ಕೆಲಸದಿಂದ ತೆಗೆದದ್ದು. ತಾರೀಖು ನೋಡು: ೨೦೦೬ರ ಏಪ್ರಿಲ್ ೨೩, ಭಾನುವಾರ, ಬೆಳಿಗ್ಗೆ ಹತ್ತೂವರೆ. ಆ ಹೊತ್ತಿಗೆ ನೀನು ಚೋರನೂರಿನಲ್ಲಿ ತಂಗಿ ರೇಣುಕಮ್ಮನ ಮದುವೆಯಲ್ಲಿದ್ದೆ. ರಾಯರೂ ಅಲ್ಲಿಗೆ ಬಂದು ತಮ್ಮ ಕೈಯಾರೆ ಅಕ್ಷತೆ ಹಾಕಿದ್ದರು!

ನಾಳೆ ಬೆಳಿಗ್ಗೆಯೇ ಪಟ್ಟಿಯ ಪ್ರಿಂಟನ್ನು ರಾಯರ ಟೇಬಲ್ಲಿನ ಮೇಲೆ ಇಡುತ್ತೇನೆ. ಗಣಿ ಮಾಲೀಕರಾದ ಸಾಹುಕಾರರ ತನಕ ಹೋಗಬೇಕಾದರೂ ಹೋಗುತ್ತೇನೆ. ನಿನ್ನ ಮೇಲಿನ ಅಪವಾದ ಹೋಗುವವರೆಗೆ ಹಳೆಯ ಡಿಸ್ಕ್ ಅಳಿಸಲು ಯಾರನ್ನೂ ಬಿಡುವುದಿಲ್ಲ.

ಅವ್ವನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಒಳ್ಳೆಯದೇ ಆಗಲಿ.

ನಿನ್ನ,
ಸುಮಧ್ವ

ತಾ.ಕ.: ಪಟ್ಟಿ ತಾರೀಖು ಹೇಳುತ್ತದೆ, ಹಾಕಿದವನ ಹೆಸರು ಹೇಳುವುದಿಲ್ಲ. ಮದುವೆಗೆ ಹೊರಡುವಾಗ ನೀನು "ಏನಾರ ಅಡಚಣಿ ಬಂದ್ರ ಇರ್ಲಿ" ಎಂದು ಪಾಸ್‌ವರ್ಡನ್ನು ನನಗೊಬ್ಬನಿಗೇ ಹೇಳಿದ್ದೆ. ಭಾನುವಾರವೂ ಸಂಡೂರಿಗೆ ಓಡಾಡುವುದು ತಪ್ಪಲಿ, ಮನೆಯಿಂದಲೇ ನೋಡಿಕೊಂಡರಾಯಿತೆಂದು ಆ ಪ್ಯಾಕೇಜ್ ಹಾಕಿದವನು ನಾನು. ನಿನ್ನನ್ನು ಎಬ್ಬಿಸಿ ಕಳಿಸಿದ ದಿನ ಪಕ್ಕದ ಕುರ್ಚಿಯಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಪ್ರಿಂಟಿನಲ್ಲಿ ಆ ಸಾಲಿನ ಎದುರು ನನ್ನ ಹೆಸರು ಬರೆದು ಸಹಿ ಹಾಕಿದ್ದೇನೆ.