ಚೀಟಿಯಲ್ಲಿ ಎಂಬತ್ತೊಂದು

ಬೈರಕೂರು, ಮುಳಬಾಗಿಲು ತಾಲ್ಲೂಕು
೩ ಮೇ ೨೦೨೩, ಬುಧವಾರ ಬೆಳಿಗ್ಗೆ

ನನ್ನ ಮುದ್ದು ಮೊಮ್ಮಗಳು ಮೌನಿಕಾಗೆ,

ನಿನ್ನ ತಾತ ಪೆದ್ದಪ್ಪ ಪರದೆ ಸರಿಸಿ, ದೀಪದ ಮುಂದಕ್ಕೆ ಬಂದು, ಎರಡೂ ಕೈ ಎತ್ತಿ ಮಾಡುವ ಆಶೀರ್ವಾದ. ದಾವಣಗೆರೆಯಲ್ಲಿ ಹೇಗಿದ್ದೀಯ ತಾಯಿ? ಹಾಸ್ಟೆಲ್ಲಿನ ಅನ್ನ ಈಗಲೂ ಅಂಟು ಅಂಟಾಗಿಯೇ ಇದೆಯೇ? ವಾರ್ಡಿನಲ್ಲಿ ನಿಂತು ನಿಂತು ಹಿಮ್ಮಡಿ ನೋಯುತ್ತದೆ ಎಂದಿದ್ದೆಯಲ್ಲ, ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲಿಟ್ಟುಕೊಂಡು ಕೂರು. ನರ್ಸಿಂಗ್ ಓದುವವಳಿಗೆ ನಾನು ವೈದ್ಯ ಹೇಳುತ್ತಿದ್ದೇನೆ ಎಂದು ನಗಬೇಡ. ಬಾಯಿ ಮುಚ್ಚಿಕೊಂಡು ನಿಲ್ಲುವ ಪಾರ್ಟನ್ನು ನನಗೆ ಯಾವ ನಾಟಕ ಕಂಪನಿಯವರೂ ಕೊಟ್ಟಿದ್ದಿಲ್ಲ. ಇಲ್ಲಿ ನಿಮ್ಮಜ್ಜಿ ಅಶ್ವತ್ಥಮ್ಮ ಮಂಡಿ ಹಿಡಿದುಕೊಂಡೇ ಕ್ಷೇಮ. ನಿಮ್ಮಪ್ಪ ಕದಿರೇಶ ಬೆಳಗಾದರೆ ಟೊಮೊಟೊ ಗಿಡಕ್ಕೆ ಕಡ್ಡಿ ಕಟ್ಟಲು ಹೋದರೆ ಊಟದ ಹೊತ್ತಿಗೇ ಕಾಣುವುದು. ಫೋನು ಮಾಡಬಹುದಿತ್ತು. ಆದರೆ ಅಜ್ಜಿಗೆ ಕಿವಿ ಮಂದವೆಂದು ನಿಮ್ಮಪ್ಪ ಫೋನನ್ನು ಸದಾ ಸ್ಪೀಕರಿನಲ್ಲೇ ಇಟ್ಟಿರುತ್ತಾನೆ, ಸಾಲದ್ದಕ್ಕೆ ನನ್ನ ಪಿಸುಮಾತೂ ಕಡೆಯ ಸಾಲಿಗೆ ಮುಟ್ಟುವ ಪಿಸುಮಾತು. ನಾನು ಹೇಳಬೇಕಾದದ್ದು ಬೀದಿಗೆ ಕೇಳುವಂಥದ್ದಲ್ಲ. ಅದಕ್ಕೇ ಈ ಕಾಗದ.

ಹೋದ ತಿಂಗಳು ನೀನು ಬಂದಾಗ ಎಲೆಕ್ಷನ್ನಿಗೆಂದು ಊರು ಎರಡು ಪಾಳೆಯವಾಗಿತ್ತು. ಅರಳಿಕಟ್ಟೆಯ ಮೇಲೆ ನಾವು ಮುದುಕರು, ಪಿಂಚಣಿ ಏರಿಸುತ್ತೇನೆ ಎಂದವನ ಕಡೆ. ಟೀ ಅಂಗಡಿಯ ಮುಂದೆ ನಿನ್ನ ವಾರಿಗೆಯವರು, ಆ ಪಕ್ಷೇತರ ಹುಡುಗನ ಕಡೆ. ಅವನು ಜೀಪಿನ ಮೇಲೆ ನಿಂತು ಮೈಕಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಗುಂಯ್ ಎನ್ನುತ್ತಿದೆ. ಸುಳ್ಳು ವಯಸ್ಸು ಬರೆಸಿ ಪಿಂಚಣಿ ತಗೊಳ್ಳುವವರ ಹೆಸರು ಹೊಡೆಸುತ್ತಾನಂತೆ, ತಿಂದದ್ದನ್ನು ವಸೂಲು ಮಾಡಿಸುತ್ತಾನಂತೆ, ಬಿಟ್ಟುಹೋದ ನಿಜವಾದ ಮುದುಕರನ್ನು ಸೇರಿಸುತ್ತಾನಂತೆ, ನಮ್ಮೂರ ಆಸ್ಪತ್ರೆಗೆ ಇಬ್ಬರು ನರ್ಸುಗಳನ್ನು ತರುತ್ತಾನಂತೆ. ನೀನು ಚಪ್ಪಾಳೆ ಹೊಡೆದೆ. ನಾನು ಕಟ್ಟೆಯ ಮೇಲಿಂದ ನೋಡಿದೆ. ಊಟಕ್ಕೆ ಕೂತಾಗ ನಾನು ಸುಮ್ಮನಿರಲಿಲ್ಲ, ತೊಲೆ ಅದುರುವಂತೆ ಗರ್ಜಿಸಿದೆ: ‘ನಿನ್ನ ತಾತನ ತಟ್ಟೆ ಕಿತ್ಕೊಳ್ಳೋನಿಗೆ ಚಪ್ಪಾಳೆ ಹೊಡೀತೀಯೇನೇ?’ ನೀನು ಮುದ್ದೆ ಮುರಿಯುತ್ತ, ತಣ್ಣಗೆ, ‘ತಾತ, ನೀನು ಹುಟ್ಟಿದ್ದು ಯಾವ ವರ್ಷ?’ ಎಂದು ಕೇಳಿದೆ. ಅಷ್ಟೇ. ಐವತ್ತು ವರ್ಷ ರಾಜಪಾರ್ಟು ಮಾಡಿದ ನಾನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಬೆಳಿಗ್ಗೆ ಬಸ್ಸು ಹತ್ತುವಾಗ ನೀನು ಹೇಳಿದ್ದನ್ನು ಅಂದಿನಿಂದ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ. ‘ನಾನು ಓಟಿಗೆ ಬರಲ್ಲ ತಾತ. ಅವನಿಗೆ ಹಾಕಿದ್ರೆ ನಿನ್ನ ಅನ್ನಕ್ಕೆ ಕೈ ಹಾಕ್ದಂಗೆ. ನಿಮ್ಮೋನಿಗೆ ಹಾಕೋಕೆ ನನ್ನ ಮನಸ್ಸು ಒಪ್ಪಲ್ಲ. ಹಾಸ್ಟೆಲಲ್ಲೇ ಇದ್ಬಿಡ್ತೀನಿ.’

ನಿನ್ನ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ, ಕೇಳು. ಚೀಟಿಯಲ್ಲಿ ನನಗೆ ಎಂಬತ್ತೊಂದು. ಮೈಗೆ ಎಪ್ಪತ್ತಮೂರು. ಆಫೀಸಿನವರು ತಪ್ಪು ಬರೆದರು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ, ನಂಬಿಸಿದವನು ನಾನೇ. ಹದಿನಾರು ವರ್ಷದ ಹಿಂದೆ ಹೋಬಳಿಯಲ್ಲಿ ಗುರುತಿನ ಚೀಟಿಗೂ ಪಿಂಚಣಿಗೂ ಒಟ್ಟಿಗೇ ಕ್ಯಾಂಪು ಇಟ್ಟಿದ್ದರು. ಹಿಂದಿನ ದಿನ ಪಕ್ಕದ ಹಳ್ಳಿಯಲ್ಲಿ ನಾಟಕ, ನನ್ನದು ಮುದಿ ಋಷಿಯ ಪಾರ್ಟು. ತಲೆಗೆ, ಹುಬ್ಬಿಗೆ, ಎದೆಗೂದಲಿಗೆ ಕೂಡ ಬಿಳಿ ಬಣ್ಣ. ಬೆಳಗಾದ ಮೇಲೆ ಬಾವಿಯ ಹತ್ತಿರ ಎಲ್ಲರೂ ಬಣ್ಣ ತೊಳೆದುಕೊಂಡರು. ನಾನೂ ಬಿಂದಿಗೆ ಎತ್ತಿದೆ, ಏನೋ ಯೋಚನೆ ಬಂತು, ಇಳಿಸಿಬಿಟ್ಟೆ. ಹಾಗೇ ಹೋಗಿ ಸಾಲಿನಲ್ಲಿ ನಿಂತು ಬೆನ್ನು ಬಾಗಿಸಿದೆ, ಕೈ ನಡುಗಿಸಿದೆ, ಎರಡು ಸಲ ಕೆಮ್ಮಿದೆ. ಬರೆಯುವವನು ತಲೆ ಎತ್ತಿ ನೋಡಿ ಅರವತ್ತೈದು ಎಂದು ಬರೆದ. ಆಗ ನನಗೆ ಐವತ್ತೇಳು. ನನ್ನ ಹಿಂದೆಯೇ ನಿಂತಿದ್ದವನು ಹಾರ್ಮೋನಿಯಂ ಮೇಷ್ಟ್ರು ಶ್ರೀರಾಮಪ್ಪ. ನನಗಿಂತ ಎರಡು ವರ್ಷ ದೊಡ್ಡವನು. ಪೆಟ್ಟಿಗೆಯ ಮುಂದೆ ಕೂರುವವನು ಎಳಸಾಗಿ ಕಾಣಬೇಕೆಂದು ತಲೆಗೂ ಮೀಸೆಗೂ ಕಪ್ಪು ಬಳಿದುಕೊಂಡಿದ್ದ, ಮೈ ಕಡ್ಡಿ. ಅವನಿಗೆ ನಲವತ್ತೆರಡು ಎಂದು ಬರೆದರು. ಅವನ ಕೈಯಲ್ಲಿ ಶಾಲೆಯ ಚೀಟಿಯೂ ಇಲ್ಲ, ಜಾತಕವೂ ಇಲ್ಲ. ಆವತ್ತು ಇಬ್ಬರೂ ಸೈಕಲ್ ತುಳಿದುಕೊಂಡು ನಗುನಗುತ್ತಲೇ ಬಂದೆವು. ನನಗೆ ಪಿಂಚಣಿ ಬಂತು. ಅವನಿಗೆ ಇವತ್ತಿಗೂ ಬಂದಿಲ್ಲ. ಎಪ್ಪತ್ತೈದರ ಮನುಷ್ಯ ಕಾಗದದಲ್ಲಿ ಐವತ್ತೆಂಟು.

ಈಗ ಮೊನ್ನೆ ಸೋಮವಾರದ ಅಂಕ. ಎಂಬತ್ತು ದಾಟಿದವರ ಮನೆಗೇ ಬಂದು ಓಟು ತಗೊಳ್ಳುವ ಏರ್ಪಾಡು ಈ ಸಲ ಆಗಿದೆಯಲ್ಲ, ಅಂಗನವಾಡಿ ಟೀಚರ್ ತಂದ ಫಾರಂಗೆ ನಿಮ್ಮಪ್ಪ ನನ್ನ ರುಜು ಹಾಕಿಸಿದ್ದ. ಹತ್ತು ಗಂಟೆಗೆ ಜೀಪು ಬಂತು. ಶೋಭಾರಾಣಿ ಎಂಬ ಮೇಡಂ, ಜೊತೆಗೆ ಇನ್ನೊಬ್ಬ ಅಧಿಕಾರಿ, ಒಬ್ಬ ಪೊಲೀಸು, ಒಬ್ಬ ಕ್ಯಾಮೆರಾದವನು. ಒಬ್ಬ ಮುದುಕನಿಗೆ ಇಷ್ಟು ದೊಡ್ಡ ದರ್ಬಾರು. ಬೀದಿಯೆಲ್ಲ ನಮ್ಮ ಜಗಲಿಯ ಮುಂದೆ ಸೇರಿತು. ನಿಮ್ಮಜ್ಜಿ ಪೆಟ್ಟಿಗೆಯಿಂದ ಜರಿ ಪಂಚೆ ತೆಗೆದುಕೊಟ್ಟಳು, ನಾನು ಒಳಗಿನಿಂದ ಪ್ರವೇಶ ಮಾಡಿದೆ. ಮೇಜು ನಡುಮನೆಯ ಮೂಲೆಯಲ್ಲಿರಲಿ ಎಂದು ಮೇಡಂ ಅಂದರು. ನನ್ನ ಬುದ್ಧಿಗೆ ಏನಾಗಿತ್ತೋ, ಕದಿರೇಶ ಬರುವಷ್ಟರಲ್ಲಿ ಜಗಲಿಯ ಮೇಲಿದ್ದ ಹಲಸಿನ ಮರದ ಮೇಜನ್ನು ನಾನೊಬ್ಬನೇ ಎತ್ತಿ, ಹೊಸಲು ದಾಟಿಸಿ ಇಟ್ಟುಬಿಟ್ಟೆ, ಕ್ಯಾಮೆರಾದ ಎದುರಿಗೇ. ಮೇಡಂ ಕಾಗದ ನೋಡಿದರು, ನನ್ನನ್ನು ನೋಡಿದರು. ‘ತಾತ, ನಿಮಗೆ ಎಂಬತ್ತೊಂದಾ?’ ಕದಿರೇಶನ ಮುಖ ಬೂದಿಯಾಯಿತು. ನಾನು ಎದೆ ಉಬ್ಬಿಸಿ, ‘ನಾಟಕದ ಮೈ ತಾಯಿ, ರಾಗಿ ತಿಂದು ಬೆಳೆದದ್ದು’ ಎಂದೆ. ಎಲ್ಲರೂ ನಕ್ಕರು, ಮೇಡಂ ಕೂಡ ನಕ್ಕರು. ಕದಿರೇಶ ‘ಅಪ್ಪನಿಗೆ ಕಣ್ಣು ಮಂಜು, ನಾನು ಜೊತೇಲಿ ಇರ್ತೀನಿ’ ಎಂದು ಮುಂದೆ ಬಂದ. ಬೇಡ ಹೋಗೋ ಎಂದೆ. ರಟ್ಟಿನ ಮರೆಯ ಹಿಂದೆ ಒಬ್ಬನೇ ನಿಂತೆ. ಎಷ್ಟು ಹೊತ್ತು ನಿಂತೆನೋ, ಆಚೆ ಪೊಲೀಸಿನವನು ಕೆಮ್ಮಿದ. ಗುರುತು ಹಾಕಿದೆ, ಮಡಿಸಿದೆ, ಲಕೋಟೆಗೆ ಹಾಕಿ ಅಂಟಿಸಿದೆ.

ಜೀಪು ಹೋದ ಮೇಲೆ ಜನ ಚದುರಿದರು. ಶ್ರೀರಾಮಪ್ಪ ಮಾತ್ರ ಕೋಲೂರಿಕೊಂಡು ಗೇಟಿನ ಹತ್ತಿರವೇ ನಿಂತಿದ್ದ. ಈಗ ಅವನ ತಲೆಗೆ ಯಾವ ಕಪ್ಪೂ ಇಲ್ಲ, ಹತ್ತಿ ಬಿಡಿಸಿದ ಹಾಗಿದೆ. ಹತ್ತನೇ ತಾರೀಖು ಈ ಬಿಸಿಲಿನಲ್ಲಿ ಶಾಲೆಯವರೆಗೆ ನಡೆದು, ಸಾಲಿನಲ್ಲಿ ನಿಂತು ಓಟು ಹಾಕಬೇಕಾದವನು ಅವನು. ಬಂದು ಜಗಲಿಯ ಮೇಲೆ ಕೂತು ನೀರು ಕುಡಿದ. ಆಮೇಲೆ ಮೆಲ್ಲಗೆ, ‘ಲೇ ಪೆದ್ದ, ನಿಂಗೆ ಅಷ್ಟೊಂದು ವಯಸ್ಸು ಕೊಟ್ಟಿದ್ದಾರಲ್ಲೋ. ನಂಗೊಂದು ಹತ್ತು ವರ್ಷ ಕಡ ಕೊಡೋ’ ಎಂದ. ಕೋಪವಿಲ್ಲ, ಕೊಂಕಿಲ್ಲ. ಹಾಸ್ಯಕ್ಕೇ ಅಂದದ್ದು. ನಾನೂ ಹೊಟ್ಟೆ ಹಿಡಿದು ನಕ್ಕೆ. ಅವನು ಎದ್ದು ಹೋದ ಮೇಲೆ ನನಗೆ ಕೂರಲಾಗಲಿಲ್ಲ ಮೌನಿ. ಎರಡು ದಿನದಿಂದ ಹಿತ್ತಲಿಗೂ ಜಗಲಿಗೂ ತಿರುಗುತ್ತಿದ್ದೇನೆ. ‘ಹೊಟ್ಟೆನೋವಾ?’ ಎಂದು ನಿಮ್ಮಜ್ಜಿ ಓಮದ ಕಷಾಯ ಕುಡಿಸಿದಳು. ಕಟ್ಟೆಗೆ ಹೋದರೆ ಅಲ್ಲಿ ಅದೇ ಮಾತು, ಈಗಿನ ಹುಡುಗರಿಗೆ ಹಿರಿಯರ ಹೊಟ್ಟೆಯ ಮೇಲೆ ಕರುಣೆಯಿಲ್ಲ ಎಂದು. ಎಲ್ಲರೂ ನನ್ನ ಕಡೆಗೇ ನೋಡುತ್ತಾರೆ, ಪೆದ್ದಪ್ಪ ಎದ್ದು ನಿಂತು ಭಾಷಣ ಹೊಡೆಯಲಿ ಎಂದು. ನಾನು ಎದ್ದು ಬಂದುಬಿಟ್ಟೆ.

ನೆನ್ನೆ ಒಂದು ಅರ್ಜಿ ಬರೆದೆ. ನನ್ನ ವಯಸ್ಸು ಎಪ್ಪತ್ತಮೂರು, ಹಿಂದೆ ಬರೆಸಿದ್ದು ನನ್ನದೇ ಸುಳ್ಳು, ನನ್ನ ಜೊತೆಯ ಶ್ರೀರಾಮಪ್ಪ ನನಗಿಂತ ಹಿರಿಯ ಎಂಬುದಕ್ಕೆ ಬೇಕಾದಲ್ಲಿ ಬಂದು ಸಾಕ್ಷಿ ಹೇಳುತ್ತೇನೆ ಎಂದು. ಕೊಟ್ಟರೆ ಪಿಂಚಣಿ ನಿಲ್ಲುತ್ತದೆ. ಈಗ ನಿಜವಾಗಿಯೂ ನನಗೆ ವಯಸ್ಸಾಗಿದೆ, ಹೊಸದಾಗಿ ಕೇಳಬಹುದು ನಿಜ, ಆದರೆ ಸುಳ್ಳು ಹೇಳಿದವನಿಗೆ ಯಾವಾಗ ಕೊಡುತ್ತಾರೋ, ಹಳೆಯದನ್ನೆಲ್ಲ ಕಕ್ಕು ಎನ್ನುತ್ತಾರೋ ಯಾರಿಗೆ ಗೊತ್ತು. ನಿಮ್ಮಜ್ಜಿಯ ಮಂಡಿ ಮಾತ್ರೆ ಬರುವುದು ಅದರಲ್ಲೇ. ಕದಿರೇಶನ ಹತ್ತಿರ ಕೈ ಚಾಚಬೇಕು, ಅವನು ಇಲ್ಲವೆನ್ನುವವನಲ್ಲ, ಆದರೂ ಚಾಚಬೇಕಲ್ಲ. ಅರ್ಜಿ ಜೇಬಿನಲ್ಲೇ ಇದೆ. ನಾಡಕಚೇರಿ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸ್ ಬಂದಿದ್ದೇನೆ. ಈ ಕಾಗದ ಸ್ಪೀಡ್ ಪೋಸ್ಟಿಗೆ ಹಾಕಲು ಅದೇ ದಾರಿಯಲ್ಲಿ ಹೋಗಬೇಕು, ನೋಡೋಣ.

ಹೊತ್ತಿಗೆ ಸರಿಯಾಗಿ ಉಣ್ಣು, ರೋಗಿಗಳ ಮೇಲೆ ರೇಗಬೇಡ. ಅಜ್ಜಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನೀನು ಕಲಿತ ವಿದ್ಯೆ ಈ ಊರಿಗೆ ಮುಟ್ಟಲಿ, ನಿನ್ನ ಮಾತಿಗೆ ನಾಲ್ಕು ಜನ ಕಿವಿಗೊಡಲಿ.

ಇಂತು ನಿನ್ನ ತಾತ,
ಪೆದ್ದಪ್ಪ

ಮರೆಯುವ ಮುನ್ನ: ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ, ಮೂರಕ್ಕೆ ಚೀಲ ಕಟ್ಟುತ್ತಾರೆ. ಅರ್ಜಿ ಕೊಟ್ಟೆ. ಎಲೆಕ್ಷನ್ ಮುಗಿದ ಮೇಲೆ ನೋಡ್ತೀವಿ ಎಂದರು, ಸೀಲು ಹೊಡೆದ ಪ್ರತಿ ನನ್ನ ಹತ್ತಿರ ಇದೆ. ಮನೆಯಲ್ಲಿ ಹೇಳಿಲ್ಲ. ಇನ್ನೊಂದು. ಆ ರಟ್ಟಿನ ಹಿಂದೆ ನಾನು ನಿಮ್ಮ ಪಕ್ಷೇತರ ಹುಡುಗನಿಗೆ ಹಾಕಲಿಲ್ಲ ಮೌನಿ. ಹಾಕಬೇಕೆಂದೇ ನಿಂತಿದ್ದೆ, ಹೆದರಿಕೆಯಾಯಿತು, ಕೈ ಪಿಂಚಣಿ ಏರಿಸುವವನ ಕಡೆಗೇ ಹೋಯಿತು. ಲಕೋಟೆ ಅಂಟಿಸಿದ ಮೇಲೆ ಅದನ್ನು ವಾಪಸ್ ಪಡೆಯಲಾಗದು. ನನ್ನ ತಟ್ಟೆಯನ್ನು ನಾನೇ ಸರಿಸಿದ್ದೇನೆ, ಇನ್ನು ನಿನ್ನ ಓಟು ಅದಕ್ಕೆ ತಗಲುವುದಿಲ್ಲ. ಮಂಗಳವಾರದ ಬಸ್ಸು ಹತ್ತಿ ಬಾ. ಬಂದು ನಿನ್ನ ಓಟಿನಿಂದ ನನ್ನ ಓಟನ್ನು ಹೊಡೆದುಹಾಕು.