ನಾನು ಬರಲ್ಲ ಅಂದವರಿಗೆ

ರೀ,

ಭಾಷಾ ಶಿಕ್ಷಕಿ ಕೆಲಸದ ಇಂಟರ್‌ವ್ಯೂಗೆ ಏನೇನು ತರಬೇಕೆಂದು ಕೇಳಲು ಬೆಳಿಗ್ಗೆ ಹೈಸ್ಕೂಲಿಗೆ ಫೋನ್ ಮಾಡಿದ್ದೆ. “ನೀವು ಬರಲ್ಲ ಅಂತ ನಿನ್ನೆ ನಿಮ್ಮ ಯಜಮಾನ್ರೇ ಹೇಳಿದ್ರಲ್ಲ ಮೇಡಂ” ಅಂದರು ಗುಮಾಸ್ತರು. ಮೈಯೆಲ್ಲ ಉರಿದುಹೋಯಿತು. ಕಾಡಿ ಬೇಡಿ ಹನ್ನೆರಡು ಗಂಟೆಯ ಕೊನೆಯ ಸರದಿ ಹಾಕಿಸಿಕೊಂಡಿದ್ದೇನೆ.

ಮೂವತ್ತೆಂಟು ವರ್ಷಕ್ಕೆ ಇದು ನನ್ನ ಮೊದಲ ಇಂಟರ್‌ವ್ಯೂ. ತಿಂಗಳಿಂದ ಅಡುಗೆಮನೆ ಗೋಡೆಗೆ ಸಂಧಿ ಸಮಾಸ ಪಾಠ ಮಾಡಿದ್ದು ನಿಮ್ಮ ಕಿವಿಗೆ ಬೀಳಲೇ ಇಲ್ಲವೇ?

ಹತ್ತಕ್ಕೆ ಅತ್ತೆಯ ಕಣ್ಣಿಗೆ ಔಷಧಿ ಹಾಕಿ. ಅಡುಗೆ ಮಾಡಿಟ್ಟಿಲ್ಲ, ಮಾಡಿಕೊಳ್ಳಿ. ನಿಮ್ಮ ಬಿಪಿ ಮಾತ್ರೆ ಟಿವಿ ಪಕ್ಕ ಇದೆ, ನನ್ನ ಮೇಲಿನ ಸಿಟ್ಟಿಗೆ ಅದನ್ನು ಬಿಡಬೇಡಿ.

ಮಗಳು ಬಂದು ಅಮ್ಮ ಎಲ್ಲಿ ಎಂದರೆ, ನೀವು ಮಾಡಿದ್ದನ್ನೂ ಸೇರಿಸಿ ಹೇಳಿ. ನಾನು ಹೇಳುವುದಕ್ಕಿಂತ ಅದು ನಿಮ್ಮ ಬಾಯಿಂದಲೇ ಬರಲಿ.