ಟ್ರಂಕಿನಲ್ಲಿಟ್ಟ ಬೂಟು

ಓಟ ಕಲಿಸುವ ಮೇಷ್ಟ್ರಿಗೆ ನಮಸ್ಕಾರ.

ನನ್ನ ಮೊಮ್ಮಗಳ ಕಾಲುನೋವನ್ನು ನೀವು ಸೋಮಾರಿತನ ಅಂದಿರಿ, ಅವಳಪ್ಪ ನಾಟಕ ಅಂದ. ಇವತ್ತು ಡಾಕ್ಟರು ಸ್ಕ್ಯಾನ್ ನೋಡಿ, ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ತುಂಬ ಹಳೆಯದು ಅಂದರು.

"ಇದನ್ನಿಟ್ಕೊಂಡು ಓಡಿದ್ಯಾ ತಾಯಿ?"

"ಹ್ಞೂಂ ಸರ್. ಎರಡನೇ ಸ್ಥಾನ ಬಂತು, ಅದೇ ಬೇಜಾರು."

ಹೆಮ್ಮೆಯಿಂದ ಅವಳ ಬೆನ್ನು ತಟ್ಟಿದೆ. ಅದೆಷ್ಟು ಅಪರೂಪ ಅಂತ ನಿಮಗೂ ಗೊತ್ತು.

ಮೂಳೆ ಕೂಡುವವರೆಗೆ ಅವಳು ಓಡುವಂತಿಲ್ಲ. ಮನೆಯಲ್ಲಿ ಕೂರಿಸಿದರೆ ಗೋಡೆ ಹಾರುತ್ತಾಳೆ. ಸೀಟಿ ಕೊಟ್ಟು ಮೈದಾನದಲ್ಲೇ ಕೂರಿಸಿಕೊಳ್ಳಿ. ತಂಡದಲ್ಲಿ ಅವಳ ಜಾಗ ಮಾತ್ರ ಯಾರಿಗೂ ಕೊಡಬೇಡಿ.

ಬೂಟು ನನ್ನ ಟ್ರಂಕಿನಲ್ಲಿದೆ, ಬೀಗದ ಕೈ ಸೊಂಟದಲ್ಲಿದೆ. ಡಾಕ್ಟರು ಸರಿ ಅಂದ ದಿನ ನಾನೇ ತಂದು ಅವಳ ಕಾಲಿಗೆ ತೊಡಿಸುತ್ತೇನೆ. ಆಮೇಲೆ ಹಿಡಿಯುವವರಿದ್ದರೆ ಹಿಡಿಯಲಿ.

ಇಂತಿ,
ಓಡುವವಳ ಅಜ್ಜಿ